ಮೊದಲ ಪಂಕ್ತಿ, ಆರೂವರೆಗೆ

ಹಡಗಿನಿಂದ
ಜನವರಿ ೧೨

ಅಕ್ಕನಿಗೆ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇಲ್ಲಿಂದ ಮಾತಾಡಿದರೆ ನನಗಿಂತ ಗಾಳಿಯೇ ಹೆಚ್ಚು ಮಾತಾಡುತ್ತದೆ; ನೀನು "ಯಾರದು? ಜೋರಾಗಿ ಹೇಳಿ" ಅನ್ನುತ್ತಲೇ ಇಟ್ಟುಬಿಡುತ್ತೀಯ. ನಮ್ಮಿಬ್ಬರಿಗೆ ಕಾಗದವೇ ಸರಿ.

ಎರಡು ಸುದ್ದಿ ಇವೆ. ಈ ತಿಂಗಳ ಒಂದನೇ ತಾರೀಕಿನಿಂದ ಹಡಗಿನ ದೊಡ್ಡ ಊಟದ ಹಾಲ್‌ಗೆ ನಾನೇ ಮುಖ್ಯಸ್ಥ. ನಲವತ್ತೆರಡು ಮೇಜು, ಮೂವತ್ತೊಂದು ಜನ ಬಡಿಸುವವರು, ಸಂಜೆಗೆ ಎರಡು ಪಂಕ್ತಿ. ಇಪ್ಪತ್ತೆರಡು ವರ್ಷದ ಹಿಂದೆ ಎಂಜಲು ತಟ್ಟೆ ಎತ್ತುವ ಕೆಲಸಕ್ಕೆ ಸೇರಿದವನು ನಾನು. ಕೋಟಿನ ಎದೆಗೆ ಹೊಸ ಬಿಲ್ಲೆ ಕೊಟ್ಟಿದ್ದಾರೆ. ಮೊದಲ ದಿನ ಅದನ್ನು ಮೂರು ಸಲ ತೆಗೆದು ಮೂರು ಸಲ ಚುಚ್ಚಿಕೊಂಡೆ. ಸಂತೋಷ ನನಗೆ ಯಾವಾಗಲೂ ಸ್ವಲ್ಪ ತಡವಾಗಿ ಬರುತ್ತದೆ. ಈ ಸಲ ಹತ್ತು ದಿನ ತೆಗೆದುಕೊಂಡಿತು.

ಎರಡನೆಯದು, ಹೊಸದಾಗಿ ಮುಖ್ಯಸ್ಥನಾದವನು ಮನೆಯವರಿಬ್ಬರನ್ನು ಒಂದು ವಾರದ ಕ್ರೂಸ್‌ಗೆ ಕರೆತರಬಹುದು. ನನಗೆ ಮನೆಯವರು ಅಂದರೆ ನೀನು. ಇನ್ನೊಂದು ಜಾಗಕ್ಕೆ ನಿನಗೆ ಬೇಕಾದವರನ್ನು ಕರೆದುಕೊಂಡು ಬಾ. ಏಪ್ರಿಲ್ ಆರಕ್ಕೆ ಹತ್ತುವುದು, ಹದಿಮೂರಕ್ಕೆ ಇಳಿಯುವುದು.

ಜೊತೆಗಿಟ್ಟಿರುವ ಹಸಿರು ಫಾರಂ ತುಂಬಿಸಿ ಕಳಿಸು. ರಾತ್ರಿ ಊಟಕ್ಕೆ ಎರಡು ದಾರಿ. ಒಂದು, ನನ್ನ ಹಾಲ್‌ನಲ್ಲಿ ಗೊತ್ತಾದ ಹೊತ್ತು, ಗೊತ್ತಾದ ಮೇಜು: ಆರೂವರೆಗೆ ಮೊದಲ ಪಂಕ್ತಿ, ಎಂಟೂವರೆಗೆ ಎರಡನೆಯದು. ಇನ್ನೊಂದಕ್ಕೆ 'ಬೇಕಾದ ಹೊತ್ತಿಗೆ ಊಟ' ಅನ್ನುತ್ತಾರೆ. ಮೇಲಿನ ಡೆಕ್‌ನಲ್ಲಿ ಐದರಿಂದ ಒಂಬತ್ತೂವರೆಯ ತನಕ ಯಾವಾಗ ಹೋದರೂ ಸರಿ, ಎಲ್ಲಿ ಕೂತರೂ ಸರಿ. ಅದೂ ಬೇಡವಾದರೆ ಕ್ಯಾಬಿನ್ನಿಗೇ ತರಿಸಿಕೊಳ್ಳಬಹುದು. ಹಗಲಿನ ಚಟುವಟಿಕೆಗಳ ಪಟ್ಟಿಯನ್ನೂ ಇಟ್ಟಿದ್ದೇನೆ: ನೃತ್ಯದ ಪಾಠ, ರಸಪ್ರಶ್ನೆ, ಟವೆಲ್ ಮಡಚಿ ಪ್ರಾಣಿ ಮಾಡುವುದು, ಆರಾಮ ಕುರ್ಚಿಯಲ್ಲಿ ಸುಮ್ಮನೆ ಬಿದ್ದುಕೊಳ್ಳುವುದು. ಯಾವುದೂ ಕಡ್ಡಾಯವಲ್ಲ. ಈ ಕೊನೆಯ ಮಾತು ನಿನಗೆ ಹಿಡಿಸುವುದಿಲ್ಲ ಅಂತ ಗೊತ್ತು.

ಕಡಲಿಗೆ ಹೆದರಬೇಡ. ಅದು ಕೆರಳಿದ ದಿನ ನಾವು 'ಅಲೆಯ ಮೇಜು' ಹಾಕುತ್ತೇವೆ. ಮೇಜುಬಟ್ಟೆಗೆ ನೀರು ಚಿಮುಕಿಸಿ ಒದ್ದೆ ಮಾಡಿದರೆ ತಟ್ಟೆ ಜಾರುವುದಿಲ್ಲ. ಸೂಪನ್ನು ಎರಡು ಹಿಡಿಯ ಬಟ್ಟಲಿನಲ್ಲಿ ಅರ್ಧ ಮಾತ್ರ ಹಾಕುತ್ತೇವೆ, ಲೋಟದಲ್ಲೂ ಅರ್ಧವೇ. ಚಮಚಗಳು ಬೇರೆ, ದಪ್ಪ ಹಿಡಿಯವು. ವರ್ಷಕ್ಕೆ ನಾಲ್ಕೈದು ದಿನ ಅಷ್ಟೆ. ಹೊಸಬರಿಗೆ ನಾನು ಮೊದಲು ಕಲಿಸುವುದೇ ಇದನ್ನು.

ಇಂತಿ,
ನಿಧಾನಿ

(ಒಂದು ತಟ್ಟೆ ಊಟಕ್ಕೆ ಒಂದು ಗಂಟೆ ಹಿಡಿಯುತ್ತಿದ್ದವನಿಗೆ ನೀನಿಟ್ಟ ಹೆಸರು. ಇಲ್ಲಿ ಯಾರಿಗೂ ಹೇಳಿಲ್ಲ.)


ಮನೆಯಿಂದ
ಜನವರಿ ೩೦

ನಿಧಾನಿಗೆ,

ಅಕ್ಷರ ನೋಡಿ ಬೆಚ್ಚಬೇಡ. ಇದು ನಮ್ಮ ಮಹಡಿಯ ಮೇಲಿರುವ ಕಂಡಕ್ಟರ್‌ಳ ಕೈ. ನನಗೆ ಕನ್ನಡಕ ಬದಲಾಯಿಸಬೇಕು. ಅಲ್ಲಿಯ ತನಕ ನಾನು ಹೇಳುತ್ತೇನೆ, ಇವಳು ಬರೆಯುತ್ತಾಳೆ. (ಹೇಳುವುದಲ್ಲ, ಕೂಗುವುದು. ನಾನು ಪಕ್ಕದಲ್ಲೇ ಕೂತಿದ್ದೇನೆ. – ಕಂಡಕ್ಟರ್) ಹಡಗಿಗೂ ಇವಳನ್ನೇ ಕರೆತರುತ್ತೇನೆ. ಇಪ್ಪತ್ತು ವರ್ಷ ನಾನು ಶಿಳ್ಳೆ ಊದಿದಾಗಲೆಲ್ಲ ಇವಳು ಬಸ್ಸು ಹತ್ತಿದ್ದಾಳೆ, ಹಡಗಿಗೆ ಹತ್ತಲಾರಳೇ?

ನಿನ್ನ ಕಾಗದವನ್ನು ಎರಡು ಸಲ ಓದಿಸಿದೆ. ಮುಖ್ಯಸ್ಥ! ಔಷಧಿ ಅಂಗಡಿಯವನಿಗೆ ಹೇಳಿದೆ, ದರ್ಜಿಗೆ ಹೇಳಿದೆ, ಬಸ್ ನಿಲ್ದಾಣಕ್ಕೆ ಹೋಗಿ ನನ್ನ ಹಳೆಯ ಕುರ್ಚಿಯಲ್ಲಿ ಈಗ ಕೂತಿರುವ ಸೋಮಾರಿಗೂ ಹೇಳಿದೆ. (ನಿಲ್ದಾಣದ ಮೈಕಿನಲ್ಲಿ ಹೇಳಿಸಲು ನೋಡಿದರು. ನಾನು ಎಳೆದುಕೊಂಡು ಬಂದೆ.) ಬಿಲ್ಲೆಯ ಮೇಲೆ ಏನು ಬರೆದಿದೆ, ಇದ್ದ ಹಾಗೆ ಬರೆದು ಕಳಿಸು. ಔಷಧಿ ಅಂಗಡಿಯವನು ಇನ್ನೂ ಅರ್ಧ ನಂಬಿದ್ದಾನೆ.

ನಿನ್ನ ಪಟ್ಟಿ ಓದಿದೆ. ಯಾವುದೂ ಕಡ್ಡಾಯವಲ್ಲವಂತೆ! ನಾನು ಹಾಗೆ ಬಸ್ಸು ಬಿಟ್ಟಿದ್ದರೆ ಈ ಊರಿನಲ್ಲಿ ಅರ್ಧ ಜನಕ್ಕೆ ಮದುವೆಯೇ ಆಗುತ್ತಿರಲಿಲ್ಲ. ಅದಕ್ಕೇ ಒಂದು ವೇಳಾಪಟ್ಟಿ ಮಾಡಿದ್ದೇನೆ. ಏಳುವುದು ೬.೦೫. ಡೆಕ್ ಮೇಲೆ ಮೂರು ಸುತ್ತು ನಡಿಗೆ ೬.೨೦. (ಎರಡು ಸುತ್ತು. ನನಗೆ ಮಂಡಿನೋವು.) ತಿಂಡಿ ೭.೧೦. ೭.೫೦ರಿಂದ ೮.೧೦ ಖಾಲಿ, ಯಾವುದಾದರೂ ತಡವಾದರೆ ಸರಿದೂಗಿಸಲು. ರಸಪ್ರಶ್ನೆ ೧೦.೦೦. ಕಡಲನ್ನು ನೋಡುವುದು ೧೧.೧೫ರಿಂದ ೧೧.೪೫. ಮಧ್ಯಾಹ್ನ ನೃತ್ಯದ ಪಾಠಕ್ಕೆ ಕಂಡಕ್ಟರ್ ಹೋಗುತ್ತಾಳೆ, ನಾನು ಕೂತು ಅವಳ ತಪ್ಪು ಎಣಿಸುತ್ತೇನೆ. ಸಂಜೆ ೫.೦೦ ಮತ್ತೆ ನಡಿಗೆ.

ರಾತ್ರಿ ಊಟಕ್ಕೆ 'ಬೇಕಾದ ಹೊತ್ತಿಗೆ' ಅನ್ನುವುದಕ್ಕೆ ಗುರುತು ಹಾಕಿಸಿದ್ದೇನೆ. ಹಸಿರು ಫಾರಂ ಒಳಗಿದೆ.

ನಿನ್ನ ಅಕ್ಕ


ಹಡಗಿನಿಂದ
ಫೆಬ್ರುವರಿ ೧೫

ಅಕ್ಕನಿಗೆ,

ವೇಳಾಪಟ್ಟಿಯನ್ನು ಕ್ಯಾಬಿನ್ನಿನ ಗೋಡೆಗೆ ಅಂಟಿಸಿಕೊಂಡಿದ್ದೇನೆ. ನನ್ನ ಜೊತೆ ಕ್ಯಾಬಿನ್ ಹಂಚಿಕೊಂಡಿರುವ ಬೇಕರಿಯವನು ಓದಿ, "ನಿಮ್ಮಕ್ಕ ಮಿಲಿಟರಿಯಲ್ಲಿದ್ದರಾ?" ಅಂದ. "ಅದಕ್ಕಿಂತ ಮೇಲೆ," ಅಂದೆ. ಬಿಲ್ಲೆಯ ಮೇಲೆ 'ಮುಖ್ಯಸ್ಥರು, ಊಟದ ಹಾಲ್' ಅಂತಿದೆ, ಕೆಳಗೆ ನನ್ನ ಹೆಸರು.

ಆದರೆ ಆ ಪಟ್ಟಿಯಲ್ಲಿ ಒಂದು ವಿಚಿತ್ರ ಕಂಡೆ. ಬೆಳಗಿನಿಂದ ಐದು ಐದು ನಿಮಿಷಕ್ಕೆ ಲೆಕ್ಕ ಇಟ್ಟವಳು ರಾತ್ರಿ ಊಟದ ಸಾಲನ್ನು ಮಾತ್ರ ಖಾಲಿ ಬಿಟ್ಟಿದ್ದೀಯ. ಗಡಿಯಾರವನ್ನು ಇಷ್ಟು ನಂಬುವವಳಿಗೆ ಆ ಒಂದು ಹೊತ್ತು ಯಾಕೆ ಬೇಡವಾಯಿತು ಅಂತ ಯೋಚಿಸಿದೆ. ಬಹುಶಃ ನಾನು ಸರಿಯಾಗಿ ವಿವರಿಸಲಿಲ್ಲ.

ಮೊದಲ ಕಾಗದದಲ್ಲಿ ಬರೆಯಲು ಸಂಕೋಚವಾಗಿತ್ತು, ಈಗ ಬರೆಯುತ್ತೇನೆ. ಇಲ್ಲೊಂದು ಪದ್ಧತಿ ಇದೆ. ಹೊಸ ಮುಖ್ಯಸ್ಥನ ಮನೆಯವರು ಬಂದ ಪ್ರಯಾಣದಲ್ಲಿ ನಾಲ್ಕನೆಯ ಸಂಜೆ, ಮೊದಲ ಪಂಕ್ತಿಯಲ್ಲಿ, ಒಂದನೇ ಮೇಜು ಅವರದು. ಅಲ್ಲಿಗೆ ಕ್ಯಾಪ್ಟನ್ ಬಂದು ಜೊತೆಗೆ ಊಟಕ್ಕೆ ಕೂರುತ್ತಾರೆ. ಮುಖ್ಯಸ್ಥ ಆ ದಿನ ಬಿಲ್ಲೆ ತೆಗೆದಿಟ್ಟು, ತಾನೇ ತಟ್ಟೆ ಹಿಡಿದು ಬಡಿಸುತ್ತಾನೆ. ಇಡೀ ಹಾಲ್ ನೋಡುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ನಾಲ್ಕು ಜನರ ಮನೆಯವರಿಗೆ ನಾನು ಪಕ್ಕದಲ್ಲಿ ನಿಂತು ನೀರು ಹಾಕಿದ್ದೇನೆ. ಒಬ್ಬರ ತಾಯಿ ಅತ್ತುಬಿಟ್ಟಿದ್ದರು. ನೀನು ಅಳುವವಳಲ್ಲ, ಗೊತ್ತು. ಕೂತರೆ ಸಾಕು.

ಏಪ್ರಿಲ್ ಒಂಬತ್ತು, ಆರೂವರೆ. ಹಿಂದಿನ ರಾತ್ರಿ ಹಡಗಿನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಅದೊಂದನ್ನು ನೆನಪಿಟ್ಟುಕೊ. ಫಾರಂ ಇನ್ನೂ ಬದಲಾಯಿಸಬಹುದು.

ನಿಧಾನಿ


ಮನೆಯಿಂದ
ಮಾರ್ಚ್ ೨

ನಿಧಾನಿಗೆ,

ಫಾರಂ ಬದಲಾಯಿಸುವುದು ಬೇಡ. ಪ್ರಯಾಣಕ್ಕೆ ಬರುವವಳು ನಾನು, ನನಗೆ ಬೇಕಾದ ಹೊತ್ತಿಗೆ ಊಟ ಮಾಡುತ್ತೇನೆ. ಜೀವಮಾನವಿಡೀ ಗಂಟೆ ನೋಡಿ ತಿಂದಿದ್ದೇನೆ, ಒಂದು ವಾರವಾದರೂ ಬಿಡು. ಕ್ಯಾಬಿನ್ನಿಗೆ ತರಿಸಿಕೊಳ್ಳುತ್ತೇನೆ.

ಆ ಮೇಜಿಗೆ ಕಂಡಕ್ಟರ್‌ಳನ್ನು ಕೂರಿಸು. ಅವಳಿಗೆ ಒಳ್ಳೆಯ ಕೋಟಿದೆ, ಕ್ಯಾಪ್ಟನ್ ಜೊತೆ ಮಾತಾಡಲೂ ಬರುತ್ತದೆ. (ನಾನು ಕೂರುವುದಿಲ್ಲ ಅಂತ ಹೇಳಿದ್ದೇನೆ. ಅದನ್ನೂ ಬರೆಯುತ್ತೇನೆ ಅಂದೆ. ಇವರು ಬೇಡ ಅಂದರು. ಬರೆದಿದ್ದೇನೆ. ಇನ್ನೊಂದು ಮಾತು ಬರೆಯಬೇಕು ಅಂತಿದ್ದೆ, ಆದರೆ ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ.)

ಕಂಡಕ್ಟರ್‌ಗೆ ಹೆಚ್ಚು ಮಾತು. ಲಕ್ಷ್ಯ ಕೊಡಬೇಡ.

ಬಿಲ್ಲೆಯ ವಿಷಯ ಔಷಧಿ ಅಂಗಡಿಯವನಿಗೆ ಓದಿ ಹೇಳಿದೆ. ಈಗ ಪೂರ್ತಿ ನಂಬಿದ.

ಅಕ್ಕ


ಹಡಗಿನಿಂದ
ಮಾರ್ಚ್ ೨೦

ಅಕ್ಕನಿಗೆ,

ನಿನ್ನ ಕಾಗದ ಹದಿನೈದು ಸಾಲಿನದು. ಅದನ್ನು ಹದಿನೈದು ದಿನ ಇಟ್ಟುಕೊಂಡೆ. ಬಡಿಸುವವನಿಗೆ ಒಂದು ಅಭ್ಯಾಸ ಬಂದುಬಿಡುತ್ತದೆ, ಯಾರು ಏನು ತಿಂದರು ಅನ್ನುವುದಕ್ಕಿಂತ ಏನು ಬಿಟ್ಟರು ಅಂತ ನೋಡುವುದು. ನಿನ್ನ ಕಾಗದವನ್ನೂ ಹಾಗೆಯೇ ನೋಡಿದೆ.

ನಾನು ಹೊರಟ ದಿನ ನಿನಗೆ ನೆನಪಿರಲಿಕ್ಕಿಲ್ಲ. ನಾಲ್ಕನೇ ಪ್ಲಾಟ್‌ಫಾರಂ. ನೀನು ಡ್ಯೂಟಿಯಲ್ಲಿದ್ದೆ, ಕತ್ತಿನಲ್ಲಿ ಶಿಳ್ಳೆ, ಕೈಯಲ್ಲಿ ಪುಸ್ತಕ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದ್ದೆ. ನೀನು ಹತ್ತಿರ ಬಂದು, "ಕಂಡೋರ ಎಂಜಲು ತಟ್ಟೆ ಎತ್ತೋಕೆ ಸಮುದ್ರ ದಾಟಬೇಕಾ?" ಅಂದೆ. ಆಮೇಲೆ ಶಿಳ್ಳೆ ಊದಿದೆ. ಬಸ್ಸು ಸರಿಯಾದ ಹೊತ್ತಿಗೆ ಹೊರಟಿತು. ತಮ್ಮನಿದ್ದಾನೆ ಅಂತ ನೀನು ಒಂದು ನಿಮಿಷವೂ ತಡಮಾಡಲಿಲ್ಲ.

ಇದನ್ನು ದೂರು ಅಂತ ಬರೆಯುತ್ತಿಲ್ಲ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ನನ್ನನ್ನು ಬೆಳೆಸಿದವಳು ನೀನು, ಹಾಗೆ ಅನ್ನಲು ನಿನಗೆ ಅಧಿಕಾರವಿತ್ತು. ಮುಖ್ಯಸ್ಥನಾದ ತಮ್ಮನ ವಿಷಯವನ್ನು ಊರಿಗೆಲ್ಲ ಹೇಳಬಹುದು. ತಟ್ಟೆ ಹಿಡಿದು ನಿಂತ ತಮ್ಮನ ಮುಂದೆ, ಎಲ್ಲರೂ ನೋಡುತ್ತಿರುವಾಗ, ಕೂರುವುದು ಬೇರೆ. ನನಗೆ ಅರ್ಥವಾಗುತ್ತದೆ. ಒತ್ತಾಯ ಮಾಡುವುದಿಲ್ಲ. ನೀನು ಬಂದು ಕಡಲು ನೋಡು, ನಿನಗೆ ಬೇಕಾದ ಹೊತ್ತಿಗೆ ಊಟ ಮಾಡು.

ನಿಧಾನಿ


ಹಡಗಿನಲ್ಲೇ, ಏಳನೇ ಡೆಕ್‌ನಿಂದ ಕೆಳಗಿನ ಎರಡನೇ ಡೆಕ್‌ಗೆ
ಏಪ್ರಿಲ್ ೭

ನಿಧಾನಿಗೆ,

ಒಂದೇ ಹಡಗಿನಲ್ಲಿದ್ದು ಚೀಟಿ ಕಳಿಸಬೇಕಾಗಿದೆ. ಕೆಲಸದವರ ಡೆಕ್‌ಗೆ ನಾವು ಇಳಿಯುವಂತಿಲ್ಲ, ನಮ್ಮ ಕ್ಯಾಬಿನ್ನಿಗೆ ನೀನು ಬರುವಂತಿಲ್ಲ ಅಂತ ಕೋಣೆ ಒರೆಸುವ ಹೆಂಗಸು ಹೇಳಿದಳು. ನಿಯಮ ಅಂದರೆ ನಿಯಮ. ನನಗೆ ಮೆಚ್ಚುಗೆಯಾಯಿತು.

ನಿನ್ನ ಮಾರ್ಚ್ ತಿಂಗಳ ಕಾಗದ ಬಂದಿತ್ತು. ಉತ್ತರ ಹೇಳಲು ಶುರುಮಾಡಿದೆ. ಎರಡು ಸಾಲಿಗೆ ಕಂಡಕ್ಟರ್ ಪೆನ್ನು ಕೆಳಗಿಟ್ಟು, "ಈ ಸುಳ್ಳನ್ನ ನಾನು ಬರೆಯಲ್ಲ, ಬೇಕಾದ್ರೆ ನೀವೇ ಬರ್ಕೊಳ್ಳಿ," ಅಂದಳು. ಅದಕ್ಕೇ ಉತ್ತರ ಬರಲಿಲ್ಲ. (ನಿಜ.)

ವೇಳಾಪಟ್ಟಿ ಚೆನ್ನಾಗಿ ನಡೆದಿದೆ. ಟವೆಲ್ ಮಡಚುವ ಪಾಠ ನಾಲ್ಕು ನಿಮಿಷ ತಡವಾಗಿ ಶುರುವಾಯಿತು, ಕಲಿಸುವವನಿಗೆ ಹೇಳಿದೆ. "ಅಮ್ಮಾ, ನೀವು ರಜೆಯಲ್ಲಿದ್ದೀರಿ," ಅಂದ. "ನೀನು ರಜೆಯಲ್ಲಿಲ್ಲವಲ್ಲ," ಅಂದೆ. ಕಂಡಕ್ಟರ್ ಆನೆ ಮಾಡಲು ಹೋಗಿ ಏನೋ ಮಾಡಿದಳು. (ಆನೆಯೇ. ಮಲಗಿರುವ ಆನೆ.) ನಾನು ನೋಡುತ್ತ ಕೂತಿದ್ದೆ. ರಸಪ್ರಶ್ನೆಯಲ್ಲಿ ನಮಗೆ ಎರಡನೇ ಸ್ಥಾನ.

ನಿನ್ನೆ ಸಂಜೆ ಆರೂ ಮುಕ್ಕಾಲಿಗೆ ಮೇಲಿನ ಮೆಟ್ಟಿಲ ಕಟಕಟೆಗೆ ಬಂದು ನಿನ್ನ ಹಾಲ್ ನೋಡಿದೆ. ನಿನ್ನ ಬೆನ್ನು ಕಂಡಿತು. ನೀನು ಬಾಯಿ ತೆರೆಯಲಿಲ್ಲ. ಎರಡು ಬೆರಳು ಎತ್ತಿದೆ, ಎಡಗಡೆಯ ಆರು ಜನ ಒಟ್ಟಿಗೆ ಹೊರಟರು. ಒಂದು ಬೆರಳು ತಿರುಗಿಸಿದೆ, ಅಷ್ಟೂ ಮೇಜಿನ ತಟ್ಟೆಗಳು ಎದ್ದವು. ಮೂವತ್ತು ವರ್ಷ ಶಿಳ್ಳೆ ಊದಿದವಳು ನಾನು. ಶಿಳ್ಳೆಯೇ ಇಲ್ಲದೆ ಇಷ್ಟು ಜನರನ್ನು ನಡೆಸಬಹುದು ಅಂತ ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಒಬ್ಬರಿಗೆ ಹೇಳಿದೆ, ಆ ಬೆನ್ನು ನಮ್ಮದು ಅಂತ.

ಅಕ್ಕ


ಎರಡನೇ ಡೆಕ್‌ನಿಂದ
ಏಪ್ರಿಲ್ ೮

ಅಕ್ಕನಿಗೆ,

ಬೆನ್ನಿನ ವಿಷಯ ಓದಿದೆ. ತಿರುಗಿ ನೋಡಬೇಕಿತ್ತು.

ಕ್ಯಾಬಿನ್ನುಗಳಿಂದ ವಾಪಸು ಬರುವ ಟ್ರೇಗಳು ನನ್ನ ಪ್ಯಾಂಟ್ರಿಯ ಮುಂದೆಯೇ ಹಾದುಹೋಗುತ್ತವೆ. ನಿನ್ನ ನಂಬರಿನ ಟ್ರೇ ಎರಡು ದಿನದಿಂದ ನೋಡುತ್ತಿದ್ದೇನೆ. ಬ್ರೆಡ್ ತಿಂದಿದ್ದೀಯ, ಬಾಳೆಹಣ್ಣು ತಿಂದಿದ್ದೀಯ. ಸೂಪ್ ಹೋದ ಹಾಗೆಯೇ ಬಂದಿದೆ, ಚಮಚಕ್ಕೆ ಸುತ್ತಿದ ಕಾಗದವನ್ನೂ ಬಿಚ್ಚಿಲ್ಲ. ಹೊಟ್ಟೆ ತೊಳಸುತ್ತಿದ್ದರೆ ಔಷಧಿ ಕಳಿಸುತ್ತೇನೆ. ಅದಲ್ಲವಾದರೆ, ನನ್ನ ಅಡುಗೆಮನೆಯ ಊಟವೂ ನಿನಗೆ ಬೇಡವಾಯಿತು ಅಂತ ತಿಳಿದುಕೊಳ್ಳುತ್ತೇನೆ.

ನಾಳೆ ನಾಲ್ಕನೇ ಸಂಜೆ. ಮನೆಯವರು ಬರದಿದ್ದರೂ ಒಂದನೇ ಮೇಜನ್ನು ಬೇರೆಯವರಿಗೆ ಕೊಡುವಂತಿಲ್ಲ. ಅದನ್ನು ಹಾಕಿ ಖಾಲಿ ಬಿಡಬೇಕು. ಹಾಗೆ ಖಾಲಿ ಬಿಟ್ಟ ಮೇಜನ್ನು ನಾನು ಇಲ್ಲಿಯ ತನಕ ನೋಡಿಲ್ಲ. ನಾಳೆ ನೋಡುತ್ತೇನೆ. ಇದರಲ್ಲಿ ಬೇಸರವೇನೂ ಇಲ್ಲ. ಸುಮ್ಮನೆ ತಿಳಿಸಿದೆ.

ಮಲಗುವ ಮುಂಚೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊ. ಇಲ್ಲದಿದ್ದರೆ ನಿನ್ನ ೬.೦೫ಕ್ಕೆ ಡೆಕ್ ಮೇಲೆ ಯಾರೂ ಇರುವುದಿಲ್ಲ.

ನಿಧಾನಿ


ಎರಡನೇ ಡೆಕ್‌ನಿಂದ
ಏಪ್ರಿಲ್ ೧೦

ಅಕ್ಕನಿಗೆ,

ನಿನ್ನೆಯದನ್ನು ನೀನೂ ಕಂಡಿದ್ದೀಯ. ಆದರೂ ಆ ಒಂದು ಗಂಟೆಯಲ್ಲಿ ನನ್ನ ಕಡೆ ಏನು ನಡೆಯಿತು ಅನ್ನುವುದು ನಿನಗೆ ಗೊತ್ತಿಲ್ಲ. ಎದುರಿಗೆ ಹೇಳಲು ನನಗೆ ಬರುವುದಿಲ್ಲ, ಬರೆಯುತ್ತೇನೆ.

ಐದೂವರೆಗೆ ಹಾಲ್‌ನಲ್ಲಿ ಯಾರೂ ಇರಲಿಲ್ಲ. ನಾನು ಒಂದನೇ ಮೇಜಿನ ಲೋಟಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ, ಯಾರೂ ಕುಡಿಯದ ಲೋಟಗಳಾದರೂ. ಗಾಜಿನ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ನೀನು ನಿಂತಿದ್ದೆ, ಬೂದು ಕೋಟು ಹಾಕಿಕೊಂಡು. ಹಿಂದೆ ಕಂಡಕ್ಟರ್.

"ಆರೂವರೆ ಆಯ್ತು. ಬಾಗಿಲು ಯಾಕೆ ಹಾಕಿದೆ?" ಅಂತ ನೀನು ಕೇಳಿದೆ.

"ಈಗ ಐದೂವರೆ, ಅಕ್ಕ. ನಿನ್ನೆ ಗಡಿಯಾರ ತಿರುಗಿಸಬೇಕಿತ್ತು."

"ಗಡಿಯಾರ ತಿರುಗಿಸೋ ಅಭ್ಯಾಸ ನನಗಿಲ್ಲ."

ಕಂಡಕ್ಟರ್ ತುಂಬ ಶ್ರದ್ಧೆಯಿಂದ ಚಾವಣಿ ನೋಡುತ್ತಿದ್ದಳು.

ನಿನ್ನನ್ನು ಕೂರಿಸಿ ನೀರು ಹಾಕಿದೆ. ನೀನು ಲೋಟ ಎತ್ತಿದೆ. ಅದು ತಟ್ಟೆಯ ಅಂಚಿಗೆ ಬಡಿಯಿತು, ಮತ್ತೆ ಬಡಿಯಿತು, ಬಡಿಯುತ್ತಲೇ ಇತ್ತು. ಅಷ್ಟು ದೊಡ್ಡ ಖಾಲಿ ಹಾಲ್‌ನಲ್ಲಿ ಅದೊಂದೇ ಸದ್ದು. ನೀರು ಕೋಟಿನ ತೋಳಿನೊಳಗೆ ಹೋಯಿತು. ನೀನು ಲೋಟ ಇಟ್ಟು, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ಇನ್ನೊಂದು ಕೈ ಒತ್ತಿ ಹಿಡಿದೆ.

"ಈ ಕೈ ಹೀಗಾಗಿ ಮೂರು ವರ್ಷ ಆಯ್ತು," ಅಂದೆ ನೀನು. "ಜೀವಕ್ಕೇನೂ ಅಪಾಯ ಇಲ್ಲ ಅಂತಾರೆ ಡಾಕ್ಟರು. ಚಮಚಕ್ಕೆ ಮಾತ್ರ. ಬಸ್ ಶೀಟಿಗೆ ಸಹಿ ಹಾಕೋಕಾಗ್ಲಿಲ್ಲ, ಕೆಲಸ ಬಿಟ್ಟೆ. ಈಗ ಬೇಗ ಏನಾದ್ರೂ ಕೊಡು, ಜನ ಬರೋಷ್ಟರಲ್ಲಿ ತಿಂದು ಎದ್ದು ಹೋಗ್ತೀನಿ. ನಿನ್ನ ಮೇಜಲ್ಲಿ ಕೂತ ಹಾಗಾಯ್ತಲ್ಲ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ನಿನ್ನ ದಿನ ಅದು. ಇಡೀ ಹಾಲ್ ನಿನ್ನ ಕೈ ನೋಡ್ಬೇಕು. ನನ್ನ ಕೈ ಅಲ್ಲ."

ಎರಡು ತಿಂಗಳು ನಿನ್ನ ಖಾಲಿ ಸಾಲಿನೊಳಗೆ ನಾನೇ ಒಂದು ವಾಕ್ಯ ಬರೆದುಕೊಂಡು, ಅದನ್ನು ನೀನು ಹೇಳಿದ ಮಾತು ಅಂತ ಓದಿದ್ದೆ. ಅದು ನನ್ನ ಕೈಬರಹ ಅಂತ ಆ ಕ್ಷಣ ಗುರುತು ಸಿಕ್ಕಿತು. "ಇನ್ನೂ ಒಂದು ಗಂಟೆ ಇದೆ. ಎಲ್ಲೂ ಹೋಗಬೇಡ," ಅಂತ ಮಾತ್ರ ಹೇಳಿ ಪ್ಯಾಂಟ್ರಿಗೆ ಹೋದೆ.

ಅಲ್ಲಿ ನನ್ನ ಕೈಕೆಳಗೆ ಬಡಿಸುವವರಲ್ಲಿ ಹಿರಿಯವಳು ಬಟ್ಟಲು ಜೋಡಿಸುತ್ತಿದ್ದಳು.

"ಅಲೆಯ ಮೇಜು ಹಾಕಿಸಿ," ಅಂದೆ.

"ಯಾವ ಮೇಜಿಗೆ?"

"ನಲವತ್ತೆರಡಕ್ಕೂ."

"ಸಾರ್, ಕಿಟಕಿ ನೋಡಿದ್ರಾ? ಕಡಲು ಕನ್ನಡಿ ಥರ ಮಲಗಿದೆ."

"ನೋಡಿದೆ."

"ಮೇಲಿಂದ ಸೂಚನೆ ಬಂತಾ?"

"ನನ್ನಿಂದ ಬಂತು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಬಾಗಿಲ ಗಾಜಿನಿಂದ ಒಂದನೇ ಮೇಜಿನ ಕಡೆ ನೋಡಿದಳು. ಅಷ್ಟು ಹೊತ್ತಿಗೆ ನೀನು ಒದ್ದೆಯಾದ ತೋಳನ್ನು ಮಡಚಲು ಹೆಣಗುತ್ತಿದ್ದೆ. ಅವಳು ನೀರಿನ ಡಬ್ಬ ಎತ್ತಿಕೊಂಡು, "ಏಳ್ರಪ್ಪಾ, ಎಲ್ಲಾ ಬಟ್ಟೆ ಒದ್ದೆ ಮಾಡ್ಬೇಕು! ಎರಡು ಹಿಡಿ ಬಟ್ಟಲು ತೆಗೀರಿ, ದಪ್ಪ ಚಮಚ ತೆಗೀರಿ!" ಅಂತ ಕೂಗಿದಳು. ಮೂವತ್ತೊಂದು ಜನ ಐವತ್ತು ನಿಮಿಷದಲ್ಲಿ ಮುಗಿಸಿದರು. ಬಿರುಗಾಳಿಯ ದಿನವೂ ಅಷ್ಟು ಬೇಗ ಮುಗಿದಿದ್ದಿಲ್ಲ.

ಆರೂವರೆಗೆ ಬಾಗಿಲು ತೆಗೆದೆವು. ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡೆ. ಆಮೇಲಿನದು ನಿನಗೆ ಗೊತ್ತು.

ಇವತ್ತು ಬೆಳಿಗ್ಗೆ ಕ್ಯಾಪ್ಟನ್ ಕರೆಸಿದ್ದರು. ಹಾಲ್‌ನ ದಿನಚರಿ ಪುಸ್ತಕ ಅವರ ಮುಂದಿತ್ತು. "ಇದಕ್ಕೆ ಏನಂತ ಬರೆಯೋಣ?" ಅಂದರು. "ನನ್ನ ತಪ್ಪು ಅಂತಲೇ ಬರೆಯಿರಿ," ಅಂದೆ. ಬರೆದರು: 'ಹವಾಮಾನದ ಅಂದಾಜಿನಲ್ಲಿ ಮುಖ್ಯಸ್ಥರಿಂದ ತಪ್ಪು.' ಇಪ್ಪತ್ತೆರಡು ವರ್ಷದಲ್ಲಿ ನನ್ನ ಹೆಸರಿನ ಮುಂದೆ ಬಿದ್ದ ಮೊದಲ ತಪ್ಪು. ಆ ಸಾಲನ್ನು ನಕಲು ಮಾಡಿಕೊಂಡು ಜೇಬಿನಲ್ಲಿಟ್ಟುಕೊಂಡಿದ್ದೇನೆ, ಬಿಲ್ಲೆಯ ಜೊತೆಗೆ. ಸಂತೋಷ ಈ ಸಲ ತಡಮಾಡಲಿಲ್ಲ.

ನಿಧಾನಿ


ಮನೆಯಿಂದ
ಏಪ್ರಿಲ್ ೨೮

ನಿಧಾನಿಗೆ,

ಇದು ನನ್ನ ಕೈ. ಅಕ್ಷರ ಕುಣಿಯುತ್ತಿದೆ, ನೀನು ನಿಧಾನವಾಗಿ ಓದು. ಬರೆಯಲು ನಾಲ್ಕು ದಿನ ಹಿಡಿಯಿತು, ದಿನಕ್ಕೆ ಅರ್ಧ ಪುಟ. ಕಂಡಕ್ಟರ್ ಪಕ್ಕದಲ್ಲಿಲ್ಲ. ಮಹಡಿಯ ಮೇಲೆ ನೃತ್ಯ ಮಾಡುತ್ತಿದ್ದಾಳೆ, ಚಾವಣಿ ಅಲುಗುತ್ತಿದೆ.

ನಿನಗೆ ಗೊತ್ತಿಲ್ಲದ್ದು ನನ್ನ ಕಡೆಯೂ ಇದೆ. ನೀನು ಸೂಪ್ ತರಲು ಹೋದಾಗ ಕ್ಯಾಪ್ಟನ್ ಬಂದು ಕೂತರು. ಮೇಜುಬಟ್ಟೆ ಮುಟ್ಟಿ ನೋಡಿದರು. ಕಿಟಕಿ ನೋಡಿದರು. ನೀನು ಬಂದ ಮೇಲೆ, "ಏನ್ರೀ ಮುಖ್ಯಸ್ಥರೇ, ನನಗೆ ಗೊತ್ತಿಲ್ಲದ ಬಿರುಗಾಳಿ ನಿಮಗೆ ಗೊತ್ತಾಯ್ತಾ?" ಅಂದರು. ನೀನು, "ಮುನ್ನೆಚ್ಚರಿಕೆ ಸಾರ್," ಅಂದೆ. ಅವರು ಇನ್ನೇನೋ ಅನ್ನುವವರಿದ್ದರು. ಅಷ್ಟರಲ್ಲಿ ನಾನು ಬಟ್ಟಲು ಎತ್ತಿದೆ. ಅವರು ನೋಡಿದರು. ತಕ್ಷಣ ತಮ್ಮ ಬಟ್ಟಲನ್ನೂ ಎರಡು ಕೈಯಲ್ಲಿ ಎತ್ತಿ ಕುಡಿದರು. ಆಮೇಲೆ ಪಕ್ಕದ ಮೇಜಿನವರು, ಅವರ ಪಕ್ಕದವರು. ಇಡೀ ಹಾಲ್ ಎರಡು ಕೈಯಲ್ಲಿ ಬಟ್ಟಲು ಹಿಡಿದು ಕುಡಿಯಿತು. ಮೂರನೇ ಮೇಜಿನ ದಪ್ಪ ಮನುಷ್ಯ ಅಂಗಿಯ ಮೇಲೆ ಚೆಲ್ಲಿಕೊಂಡ. ನಾನು ಚೆಲ್ಲಲಿಲ್ಲ. ಮೂರು ವರ್ಷದ ಮೇಲೆ ಜನರ ನಡುವೆ ಕೂತು ಬಿಸಿಯಾದದ್ದನ್ನು ತಿಂದೆ. ಒಂದು ಗಂಟೆ ಐವತ್ತು ನಿಮಿಷ. ಎರಡನೇ ಪಂಕ್ತಿಯವರು ಬಾಗಿಲ ಹೊರಗೆ ಸೇರುತ್ತಿದ್ದರು, ನೀನು ನನ್ನ ಕುರ್ಚಿಯ ಹಿಂದೆ ನಿಂತೇ ಇದ್ದೆ. ನೀನು ಸಣ್ಣವನಿದ್ದಾಗ ನಾನು ಗಡಿಯಾರ ನೋಡುತ್ತ ನಿನ್ನ ತಟ್ಟೆಯ ಮುಂದೆ ಕೂರುತ್ತಿದ್ದೆ. ನೀನು ಒಂದು ಸಲವೂ ಗಡಿಯಾರ ನೋಡಲಿಲ್ಲ.

ಮೂವತ್ತು ವರ್ಷ ನಿಲ್ದಾಣದ ಗಡಿಯಾರ ಸರಿಯಿಟ್ಟವಳು ಒಂದು ಗಂಟೆ ತಪ್ಪುತ್ತಾಳೆಯೇ ಅಂತ ನೀನು ಕೇಳಲಿಲ್ಲ. ಕನ್ನಡಿಯಂಥ ಕಡಲಿಗೆ ಒದ್ದೆ ಮೇಜುಬಟ್ಟೆ ಯಾಕೆ ಅಂತ ನಾನೂ ಕೇಳಲಿಲ್ಲ. ಅಲ್ಲಿಗೆ ಸರಿಹೋಯಿತು.

ಒಂದು ಮಾತ್ರ ಸರಿಮಾಡಬೇಕು. ನೀನು ಹೊರಟ ದಿನ ನಾಲ್ಕನೇ ಪ್ಲಾಟ್‌ಫಾರಂನ ಬಸ್ಸು ಸರಿಯಾದ ಹೊತ್ತಿಗೆ ಹೊರಡಲಿಲ್ಲ. ಎರಡು ನಿಮಿಷ ತಡ. ಶಿಳ್ಳೆ ಬಾಯಿಗಿಟ್ಟುಕೊಂಡೆ, ಉಸಿರು ಬರಲಿಲ್ಲ. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಪುಸ್ತಕದಲ್ಲಿ 'ಟೈರ್ ತಪಾಸಣೆ' ಅಂತ ಬರೆದೆ. ನನ್ನ ಸರ್ವಿಸ್‌ನಲ್ಲಿ ನಾನು ಬರೆದ ಸುಳ್ಳು ಅದೊಂದೇ. ಆ ದಿನ ಅಂದ ಮಾತನ್ನು ಮಾತ್ರ ಎಲ್ಲೂ ಬರೆದಿಡಲಿಲ್ಲ, ಆದ್ದರಿಂದ ಹೊಡೆದು ಹಾಕಲೂ ಆಗಲಿಲ್ಲ.

ನಿನ್ನೆ ಔಷಧಿ ಅಂಗಡಿಗೆ ಹೋಗಿದ್ದೆ. ಅವನು ಬಿಲ್ಲೆ ನೋಡಿದಿರಾ ಅಂತ ಕೇಳಿದ. ಇಲ್ಲ, ಆ ದಿನ ತೆಗೆದಿಟ್ಟಿದ್ದ ಅಂದೆ. ನಾಲ್ಕು ತಟ್ಟೆ ಒಂದೇ ತೋಳಿನ ಮೇಲೆ, ಕಾಲ ಕೆಳಗೆ ಸಮುದ್ರ, ಒಂದು ಹನಿ ಅಲುಗಲಿಲ್ಲ ಅಂತ ಹೇಳಿದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು, "ನಿಮ್ಮ ತಮ್ಮನಿಗೆ ಏನು ಕೆಲಸ?" ಅಂದಳು.

"ತಟ್ಟೆ ಎತ್ತುತ್ತಾನೆ," ಅಂದೆ. ಅಂಗಡಿಯಲ್ಲಿ ಆರು ಜನ ಇದ್ದರು. ನಿಲ್ದಾಣದ ಮೈಕಿನಲ್ಲಿ ಹೇಳುತ್ತಿದ್ದ ದನಿಯಲ್ಲೇ ಹೇಳಿದೆ, ಎರಡು ಸಲ.

ನಿನ್ನ ಅಕ್ಕ